ಗರ್ಭಕೋಶದ ಗಡ್ಡೆ ಈಸ್ಟ್ರೊಜೆನ್ ಅನ್ನು ಏನು ಮಾಡುತ್ತದೆ? ಅಳೆಯುವ ಬಗೆ ಹೀಗೆ

ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಫೈಬ್ರಾಯ್ಡ್ ಗಡ್ಡೆ ಇದ್ದವರ ರಕ್ತದಲ್ಲಿ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನ್ ಹೆಚ್ಚಿರಲೇಬೇಕೆಂದು ಹಲವರು ಭಾವಿಸುತ್ತಾರೆ. ಗಡ್ಡೆಯಾದರೋ ಅರೋಮಟೇಸ್ ಎಂಬ ಕಿಣ್ವದ ನೆರವಿನಿಂದ, ರಕ್ತದಲ್ಲಿ ಹರಿದು ಬರುವ ಆಂಡ್ರೊಜೆನ್‌ಗಳನ್ನು (ಪುರುಷ ಹಾರ್ಮೋನ್‌ಗಳು; ಮಹಿಳೆಯರಲ್ಲೂ ಇರುತ್ತವೆ) ಒಂದಿಷ್ಟು ಈಸ್ಟ್ರೊಜೆನ್ ಆಗಿ ತಾನೇ ಮಾರ್ಪಡಿಸಿಕೊಳ್ಳಬಲ್ಲದು. ಆದ್ದರಿಂದ ರಕ್ತವನ್ನಷ್ಟೇ ನೋಡಿದರೆ ಸಾಲದು, ಗಡ್ಡೆಯ ಅಂಗಾಂಶವನ್ನೇ ಪರೀಕ್ಷಿಸಬೇಕಾಗುತ್ತದೆ.

ಮೊದಲ ಹೆಜ್ಜೆ ಮಾದರಿ ಸಂಗ್ರಹ. ಇಡೀ ಪ್ರಯೋಗದ ಮೌಲ್ಯ ನಿಂತಿರುವುದು ಇದರ ಮೇಲೆಯೇ. ಶಸ್ತ್ರಚಿಕಿತ್ಸೆಗೆ ಒಳಗಾಗುವ ಮಹಿಳೆಯ ಲಿಖಿತ ಒಪ್ಪಿಗೆ ಪಡೆದು, ಹೊರತೆಗೆದ ಒಂದೇ ಗರ್ಭಕೋಶದಿಂದ ಗಡ್ಡೆಯ ತುಂಡನ್ನೂ ಗಡ್ಡೆಯಿಂದ ದೂರದ ಆರೋಗ್ಯಕರ ಸ್ನಾಯುವಿನ ತುಂಡನ್ನೂ ಜೋಡಿಯಾಗಿ ತೆಗೆದುಕೊಳ್ಳಬೇಕು. ಋತುಚಕ್ರದ ಹಂತವನ್ನೂ ಆಕೆ ಸೇವಿಸುತ್ತಿದ್ದ ಹಾರ್ಮೋನ್ ಔಷಧಿಗಳನ್ನೂ ಬರೆದಿಟ್ಟುಕೊಳ್ಳದಿದ್ದರೆ, ಮುಂದೆ ಕಾಣುವ ವ್ಯತ್ಯಾಸಕ್ಕೆ ಕಾರಣ ಗಡ್ಡೆಯೋ ಔಷಧಿಯೋ ಹೇಳಲಾಗದು. ತುಂಡುಗಳನ್ನು ಕೂಡಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಿಡಬೇಕು.

ಬಳಿಕ ಅಂಗಾಂಶವನ್ನು ತಣ್ಣಗೆ ಅರೆದು ಎರಡು ಬಾರಿ ತಿರುಗುಯಂತ್ರಕ್ಕೆ (ಸೆಂಟ್ರಿಫ್ಯೂಜ್) ಹಾಕುತ್ತಾರೆ. ಗುರುತ್ವಕ್ಕಿಂತ ಸುಮಾರು 10,000 ಪಟ್ಟು ಬಲದಲ್ಲಿ ಕೋಶಕೇಂದ್ರ, ಮೈಟೊಕಾಂಡ್ರಿಯಾಗಳು ತಳಕ್ಕಿಳಿಯುತ್ತವೆ. ಮೇಲಿನ ದ್ರವವನ್ನು 1,00,000 ಪಟ್ಟಿನಲ್ಲಿ ಮತ್ತೆ ತಿರುಗಿಸಿದಾಗ ಮೈಕ್ರೊಸೋಮ್‌ಗಳು, ಅಂದರೆ ಕೋಶದೊಳಗಿನ ಪೊರೆಗಳ ಚೂರುಗಳು, ದೊರೆಯುತ್ತವೆ. ಅರೋಮಟೇಸ್ ಇರುವುದು ಇವುಗಳಲ್ಲಿ; ಈಸ್ಟ್ರೊಜೆನ್‌ಗೆ ಹೈಡ್ರಾಕ್ಸಿ ಗುಂಪು ಸೇರಿಸಿ ಅದನ್ನು ಬದಲಿಸುವ ಕಿಣ್ವಗಳೂ ಇವುಗಳಲ್ಲೇ. ಉಳಿದ ದ್ರವವನ್ನು ಚೆಲ್ಲಬಾರದು: ಎಸ್ಟ್ರೋನ್ ಎಂಬ ದುರ್ಬಲ ಈಸ್ಟ್ರೊಜೆನನ್ನು ಪ್ರಬಲ ಎಸ್ಟ್ರಾಡಿಯೋಲ್ ಆಗಿಸುವ ಕಿಣ್ವವೂ, ಕ್ಯಾಟೆಕಾಲ್ ಈಸ್ಟ್ರೊಜೆನ್‌ಗಳಿಗೆ (ಮುಂದೆ ಬರುವ 2-ಹೈಡ್ರಾಕ್ಸಿ, 4-ಹೈಡ್ರಾಕ್ಸಿ ರೂಪಗಳು) ಮಿಥೈಲ್ ಗುಂಪು ಸೇರಿಸುವ ಕಿಣ್ವದ ಬಹುಪಾಲೂ ಅದರಲ್ಲೇ ಇರುತ್ತವೆ.

ಇನ್ನು ಕ್ರಿಯೆಯನ್ನು ನಡೆಸುವುದು. ಮೈಕ್ರೊಸೋಮ್‌ಗಳಿಗೆ ಎಸ್ಟ್ರಾಡಿಯೋಲನ್ನೂ ಎನ್‌ಎಡಿಪಿಎಚ್ ಎಂಬ ಸಹಕಿಣ್ವವನ್ನೂ ಸೇರಿಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಹುಟ್ಟಿದ 2-ಹೈಡ್ರಾಕ್ಸಿ ಮತ್ತು 4-ಹೈಡ್ರಾಕ್ಸಿ ಉತ್ಪನ್ನಗಳನ್ನು ಅಣುಗಳನ್ನು ಅವುಗಳ ರಾಶಿಯಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಿಂದ ಬೇರೆಬೇರೆಯಾಗಿ ಅಳೆಯಬೇಕು. ಹೋಲಿಕೆಗೆಂದು, ಕುದಿಸಿ ಕಿಣ್ವ ಕೆಡಿಸಿದ ಮಾದರಿಯೊಂದು ಪಕ್ಕದಲ್ಲಿರಲಿ.

1995ರಲ್ಲಿ ಪ್ರಕಟವಾದ ಇಂಥದೇ ಒಂದು ಅಧ್ಯಯನದಲ್ಲಿ, ಹಲವು ಗಡ್ಡೆಗಳಲ್ಲಿ 4-ಹೈಡ್ರಾಕ್ಸಿ ರೂಪದ ಉತ್ಪತ್ತಿ ಸುತ್ತಲಿನ ಸ್ನಾಯುವಿಗಿಂತ ಹೆಚ್ಚಾಗಿತ್ತು. ಎಲ್ಲ ಗಡ್ಡೆಗಳಲ್ಲೂ ಅಲ್ಲ. ಈ ರೂಪವು ಈಸ್ಟ್ರೊಜೆನ್ ಗ್ರಾಹಕಕ್ಕೆ ಅಂಟಿಕೊಳ್ಳಬಲ್ಲದು, ಡಿಎನ್‌ಎಗೆ ಹಾನಿ ಮಾಡಬಲ್ಲ ಕ್ವಿನೋನ್ ಎಂಬ ರಾಸಾಯನಿಕವಾಗಿಯೂ ಬದಲಾಗಬಲ್ಲದು. ಆದ್ದರಿಂದಲೇ ಅದರ ಅಳತೆಗೆ ಇಷ್ಟು ಮಹತ್ವ. ಫಲಿತಾಂಶವನ್ನು ಅಂಗಾಂಶದ ತೂಕಕ್ಕೆ ಹೋಲಿಸಿ ಬರೆಯುವುದು ಮಾತ್ರ ತಪ್ಪುದಾರಿ ಎಂದೇ ನನ್ನ ಅಭಿಪ್ರಾಯ. ಗಡ್ಡೆಯ ತೂಕದಲ್ಲಿ ಕೊಲಾಜನ್‌ನಂಥ ನಾರಿನ ಪಾಲು ದೊಡ್ಡದು. ಆ ಲೆಕ್ಕದಲ್ಲಿ ಅದರ ಕೋಶಗಳ ಚುರುಕು ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ.