ಮಳೆಗಾಲದ ಫಾರ್ವರ್ಡ್‌ಗಳು: ಎಲ್ಲಿಯದು, ಯಾವಾಗಿನದು ಎಂದು ಪತ್ತೆ ಹಚ್ಚುವ ನನ್ನ ಕ್ರಮ

ಮುಂಗಾರು ಕರಾವಳಿ ಮುಟ್ಟಿದ ಬೆನ್ನಿಗೇ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಕೆಲವು ಸರಕು ತಪ್ಪದೆ ಬರುತ್ತದೆ: ಅಣೆಕಟ್ಟೆಯ ಗೇಟಿನಿಂದ ಧುಮ್ಮಿಕ್ಕುವ ನೀರು, ಘಾಟಿಯಲ್ಲಿ ಗುಡ್ಡ ಕುಸಿಯುವ ದೃಶ್ಯ, ನಾಳೆ ಶಾಲೆಗೆ ರಜೆ ಎನ್ನುವ ಆದೇಶ, ಮತ್ತು ಯಾರದೋ ಗಾಬರಿಯ ಧ್ವನಿ. ಬಂಧುಗಳ, ಊರಿನವರ ಗ್ರೂಪ್‌ಗಳಲ್ಲಿ ಇವನ್ನು ಪರಿಶೀಲಿಸಿ ಉತ್ತರ ಹಾಕುವುದು ಹಲವು ಮಳೆಗಾಲಗಳಿಂದ ನಾನು ಮಾಡಿಕೊಂಡು ಬಂದಿರುವ ಕೆಲಸ. ಅದರ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ದುಬಾರಿ ಸಲಕರಣೆ ಏನೂ ಬೇಡ, ಒಂದು ಫೋನ್ ಸಾಕು. ಕಂಪ್ಯೂಟರ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ.

ಮೊದಲು ಕೇಳಿಕೊಳ್ಳುವ ಪ್ರಶ್ನೆಯನ್ನೇ ಬದಲಿಸಬೇಕು. ‘ಇದು ನಿಜವೋ ಸುಳ್ಳೋ’ ಎಂದು ಶುರು ಮಾಡಿದರೆ ದಾರಿ ತಪ್ಪುತ್ತದೆ. ಮಳೆಗಾಲದ ವಿಡಿಯೊಗಳಲ್ಲಿ ಹೆಚ್ಚಿನವು ನಿಜವಾದವೇ. ನೀರು ಹರಿದದ್ದೂ ನಿಜ, ಗುಡ್ಡ ಕುಸಿದದ್ದೂ ನಿಜ. ಸುಳ್ಳಾಗಿರುವುದು ಕೆಳಗೆ ಬರೆದ ಊರು ಅಥವಾ ದಿನ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದ ದೃಶ್ಯಕ್ಕೆ ಬೇರೆ ವರ್ಷ, ಬೇರೆ ಜಿಲ್ಲೆಯ ಹೆಸರು ಅಂಟಿಸಿದರೆ ಅದನ್ನು ನೋಡಿದವರು ‘ಇದು ಗ್ರಾಫಿಕ್ಸ್ ಅಲ್ಲವಲ್ಲ’ ಎಂದು ನಂಬುತ್ತಾರೆ, ನಂಬುವುದು ಸಹಜವೂ ಹೌದು. ಆದ್ದರಿಂದ ನಾನು ಕೇಳುವುದು ಎರಡೇ: ಎಲ್ಲಿಯದು? ಯಾವಾಗಿನದು?

ಸಂದೇಶದ ತಲೆಯ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಐದು ಅಥವಾ ಹೆಚ್ಚು ಕೈಗಳನ್ನು ದಾಟಿ ಬಂದಿದೆ ಎಂದರ್ಥ. ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಲು ಸಾಧ್ಯ, ಈ ಮಿತಿ 2020ರ ಏಪ್ರಿಲ್‌ನಿಂದ ಇದೆ. ‘ಈಗ ತಾನೇ ನಮ್ಮ ಮನೆ ಮುಂದೆ ತೆಗೆದದ್ದು’ ಎಂದು ಬರೆದಿದ್ದು ಎರಡು ಬಾಣವೂ ಇದ್ದರೆ ಆ ಬರಹ ಕಳಿಸಿದವರದ್ದಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಫೈಲ್ ಹೆಸರು ವಿಐಡಿ-20240716-ಡಬ್ಲ್ಯೂಎ0012 ಎಂಬಂತಿರುತ್ತದೆ. ನಡುವಿನ ಅಂಕಿಯನ್ನು ಚಿತ್ರೀಕರಣದ ದಿನ ಎಂದು ಅನೇಕರು ಓದುತ್ತಾರೆ. ಅದು ನಿಮ್ಮ ಫೋನಿಗೆ ಬಂದು ಬಿದ್ದ ದಿನ, ಅಷ್ಟೇ. ತೆಗೆದ ಸಮಯ, ಜಾಗದ ಮಾಹಿತಿಯನ್ನು ವಾಟ್ಸ್ಆ್ಯಪ್ ಸಾಗಣೆಯಲ್ಲೇ ಕಳಚಿಬಿಡುತ್ತದೆ. ವಿಡಿಯೊ ತೆಗೆದವರೇ ಸಿಕ್ಕರೆ, ಅದನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಕೇಳಿ. ಹಾಗೆ ಬಂದ ಫೈಲಿನಲ್ಲಿ ಮೂಲ ಮಾಹಿತಿ ಉಳಿದಿರುತ್ತದೆ.

ಇನ್ನು ಚಿತ್ರದಿಂದ ಹುಡುಕುವುದು. ವಿಡಿಯೊವನ್ನು ಹಾಗೆಯೇ ಹುಡುಕಲಾಗದು, ಫ್ರೇಮ್ ಬೇಕು, ಅಂದರೆ ಅದರಿಂದ ತೆಗೆದ ಒಂದು ನಿಂತ ಚಿತ್ರ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ಪ್ಲೇಯರ್‌ನಲ್ಲಿ ವಿಡಿಯೊ ನಿಲ್ಲಿಸಿ ಶಿಫ್ಟ್ ಜೊತೆ ಎಸ್ ಒತ್ತಿದರೆ ಫ್ರೇಮ್ ಉಳಿಯುತ್ತದೆ. ಇನ್‌ವಿಡ್-ವೀವೆರಿಫೈ ಎಂಬ ಉಚಿತ ಬ್ರೌಸರ್ ವಿಸ್ತರಣೆ ಮುಖ್ಯ ಫ್ರೇಮ್‌ಗಳನ್ನು ತಾನೇ ಕತ್ತರಿಸಿ ಕೊಡುತ್ತದೆ. ಫೋನಿನಲ್ಲಾದರೆ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಡಬಹುದು. ಮೂರ್ನಾಲ್ಕು ಫ್ರೇಮ್ ತೆಗೆಯಿರಿ: ಒಂದು ಇಡೀ ದೃಶ್ಯದ್ದು, ಒಂದು ಕಟ್ಟಡ ಅಥವಾ ಸೇತುವೆ ಸ್ಪಷ್ಟವಾಗಿರುವುದು, ಒಂದು ಬೋರ್ಡ್ ಅಥವಾ ವಾಹನ ಕಾಣುವುದು. ಬರೀ ಕೆಂಪು ನೀರು ತುಂಬಿದ ಫ್ರೇಮ್ ಕೊಟ್ಟರೆ ಲೋಕದ ಎಲ್ಲ ನದಿಗಳೂ ಉತ್ತರವಾಗಿ ಬರುತ್ತವೆ. ಮೇಲೆ ಅಂಟಿಸಿದ ಅಕ್ಷರ, ಚಾನೆಲ್ ಲಾಂಛನ, ಎಮೋಜಿಗಳನ್ನು ಕ್ರಾಪ್ ಮಾಡಿ ತೆಗೆಯುವುದು ಕಡ್ಡಾಯ, ಇಲ್ಲವಾದರೆ ಹುಡುಕಾಟ ಆ ಅಕ್ಷರದ ಹಿಂದೆ ಹೋಗುತ್ತದೆ. ಲೆನ್ಸ್‌ನಲ್ಲಿ ಸಿಗದಿದ್ದರೆ ಯಾಂಡೆಕ್ಸ್ ಎಂಬ ಇನ್ನೊಂದು ಹುಡುಕುತಾಣ. ಭೂದೃಶ್ಯ, ಕಟ್ಟಡಗಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಚಿತ್ರ ಹುಡುಕುವ ಮತ್ತೊಂದು ತಾಣ ಟಿನ್‌ಐ ವಿಡಿಯೊ ಫ್ರೇಮ್‌ಗಳಲ್ಲಿ ಸೋಲುವುದೇ ಹೆಚ್ಚು, ಆದರೆ ಸಿಕ್ಕಿದ್ದನ್ನು ಹಳೆಯದು ಮೊದಲು ಬರುವಂತೆ ಜೋಡಿಸುವ ಸೌಲಭ್ಯ ಅದರಲ್ಲಿದೆ. ಕೆಲವೊಮ್ಮೆ ವಿಡಿಯೊವನ್ನು ಕನ್ನಡಿಯಂತೆ ತಿರುಗಿಸಿರುತ್ತಾರೆ. ಬೋರ್ಡಿನ ಅಕ್ಷರ ಉಲ್ಟಾ ಇದೆಯೇ, ಸ್ಟೀರಿಂಗ್ ಎಡಗಡೆ ಬಂದಿದೆಯೇ ನೋಡಿ, ಹಾಗಿದ್ದರೆ ಫ್ರೇಮನ್ನು ಮರಳಿ ತಿರುಗಿಸಿ ಹುಡುಕಿ.

ಗೂಗಲ್‌ನಲ್ಲಿ ಪದಗಳಿಂದ ಹುಡುಕುವಾಗ ಊರಿನ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ‘ಬಿಫೋರ್’ ಎಂದು ಬರೆದು, ಕೋಲನ್ ಹಾಕಿ, ಅಂತರ ಬಿಡದೆ 2024-07-01 ಎಂಬ ಕ್ರಮದಲ್ಲಿ ದಿನಾಂಕ ಕೊಟ್ಟರೆ ಅದಕ್ಕಿಂತ ಹಿಂದಿನ ಪುಟಗಳು ಮಾತ್ರ ಬರುತ್ತವೆ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಇದೇ ಕೆಲಸಕ್ಕೆ ‘ಅನ್‌ಟಿಲ್’ ಪದ. ಒಂದು ನಿಯಮ ಮರೆಯಬಾರದು: ಹಳೆಯ ಪ್ರತಿ ಸಿಕ್ಕರೆ ವಿಡಿಯೊ ಹಳೆಯದು ಎಂದು ಖಚಿತ, ಸಿಗದಿದ್ದರೆ ಹೊಸದು ಎಂದು ಖಚಿತವಲ್ಲ. ಪುಟದ ಮೇಲಿನ ದಿನಾಂಕವೂ ಮೋಸ ಮಾಡಬಹುದು. ಹಳೆಯ ಸುದ್ದಿಗೆ ಇವತ್ತು ಅಪ್‌ಡೇಟ್ ಒತ್ತಿದರೆ ಇವತ್ತಿನ ದಿನ ತೋರಿಸುವ ಜಾಲತಾಣಗಳಿವೆ. ಜಾಲಪುಟಗಳ ಹಳೆಯ ರೂಪವನ್ನು ಉಳಿಸಿಡುವ ವೇಬ್ಯಾಕ್ ಮಷಿನ್ ತಾಣದಲ್ಲಿ ಅದೇ ಪುಟದ ಹಳೆಯ ಪ್ರತಿ ಇದೆಯೇ ನೋಡುವುದು ಒಳ್ಳೆಯದು.

ಹುಡುಕಾಟ ಕೈಕೊಟ್ಟಾಗ ಕಣ್ಣಿಗೆ ಕೆಲಸ ಕೊಡಬೇಕು. ಇದು ನನಗೆ ಅತ್ಯಂತ ಪ್ರಿಯವಾದ ಭಾಗ, ಏಕೆಂದರೆ ನಮ್ಮ ನಾಡು ಬಲ್ಲವರಿಗೆ ಇಲ್ಲಿ ಯಾವ ಯಂತ್ರಕ್ಕಿಂತ ಹೆಚ್ಚು ಕಾಣುತ್ತದೆ. ನೋಂದಣಿ ಸಂಖ್ಯೆ ಮೊದಲು: ಕೆಎ-12 ಮಡಿಕೇರಿ, 18 ಚಿಕ್ಕಮಗಳೂರು, 19 ಮಂಗಳೂರು, 20 ಉಡುಪಿ, 21 ಪುತ್ತೂರು, 30 ಕಾರವಾರ, 31 ಶಿರಸಿ. ಒಂದು ಕಾರು ನೋಡಿ ತೀರ್ಮಾನಕ್ಕೆ ಬರಬೇಡಿ, ಘಾಟಿಗಳಲ್ಲಿ ಬೆಂಗಳೂರಿನ ಕಾರುಗಳೇ ಹೆಚ್ಚು. ನಿಂತ ಆಟೊ, ಶಾಲಾ ವಾಹನ, ಹಾಲಿನ ಟೆಂಪೊಗಳ ಸಂಖ್ಯೆ ನಂಬಲರ್ಹ, ಅವು ಊರು ಬಿಟ್ಟು ದೂರ ಹೋಗುವುದಿಲ್ಲ. ನಮ್ಮ ಸಾರಿಗೆ ನಿಗಮಗಳ ಬಸ್‌ಗಳಲ್ಲಿ ಜಿಲ್ಲೆಯ ಅಂಕಿಯ ನಂತರ ‘ಎಫ್’ ಬರುತ್ತದೆ. ಕೇರಳದ ಸಾರಿಗೆ ಬಸ್‌ಗಳದ್ದು ಕೆಎಲ್-15. ಎರಡೂ ರಾಜ್ಯಗಳ ನಿಗಮಗಳ ಇಂಗ್ಲಿಷ್ ಹ್ರಸ್ವನಾಮ ಒಂದೇ ಆಗಿರುವುದರಿಂದ ಬಸ್ಸಿನ ಮೇಲಿನ ಹೆಸರೊಂದನ್ನೇ ನೋಡಿದರೆ ವಯನಾಡಿನ ದೃಶ್ಯ ಕೊಡಗಿನದಾಗಿಬಿಡುತ್ತದೆ. ರಸ್ತೆಯ ಕಲ್ಲು ಕಂಡರೆ ಇನ್ನೂ ಒಳ್ಳೆಯದು: ಶಿರಾಡಿ ರಾಷ್ಟ್ರೀಯ ಹೆದ್ದಾರಿ 75, ಚಾರ್ಮಾಡಿ 73, ಸಂಪಾಜೆ 275, ಆಗುಂಬೆ 169ಎ, ಕರಾವಳಿಯುದ್ದಕ್ಕೂ 66. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಈ 66ರ ಮೇಲೆ. ಅದಾಗಿ ಎರಡೇ ವಾರಕ್ಕೆ, ಜುಲೈ 30ರಂದು, ವಯನಾಡಿನ ಮುಂಡಕ್ಕೈ–ಚೂರಲ್‌ಮಲದ ದುರಂತ. ಆ ಎರಡರ ದೃಶ್ಯಗಳು ಬೆರೆತು ಬಂದರೆ ಬಿಡಿಸುವುದು ಹೀಗೆ: ಶಿರೂರಿನಲ್ಲಿ ಒಂದು ಬದಿ ಕಡಿದ ಕೆಂಪು ಗುಡ್ಡ, ಇನ್ನೊಂದು ಬದಿ ಅಗಲವಾದ ಗಂಗಾವಳಿ ನದಿ, ನಡುವೆ ಚತುಷ್ಪಥ. ವಯನಾಡಿನಲ್ಲಿ ಬಂಡೆಗಳು ತುಂಬಿದ ಹೊಳೆಯ ಹರವು.

ಅಣೆಕಟ್ಟೆಯ ವಿಡಿಯೊಗಳಿಗೆ ಕಣ್ಣಿನ ಜೊತೆ ಲೆಕ್ಕವೂ ಬೇಕು. ಕೆಆರ್‌ಎಸ್‌ನಲ್ಲಿ ನೀರು ಕಲ್ಲಿನ ಗೋಡೆಯಲ್ಲಿರುವ ಸಾಲು ತೂಬುಗಳಿಂದ ಹೊರಬರುತ್ತದೆ. ತುಂಗಭದ್ರಾದಲ್ಲಿ ಸಾಲಾಗಿ 33 ಕ್ರಸ್ಟ್‌ಗೇಟ್, ಆಲಮಟ್ಟಿಯಲ್ಲಿ 26. ವಾಣಿವಿಲಾಸ ಸಾಗರದಲ್ಲಿ ಹೆಚ್ಚಾದ ನೀರು ಹೋಗುವುದು ಕೋಡಿಯ ಮೇಲಿಂದ. ಅದು 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ, ಮತ್ತೆ 2025ರಲ್ಲಿ, ಹಾಗಾಗಿ ಆ ದೃಶ್ಯ ಸಿಕ್ಕಾಗ ಜಾಗಕ್ಕಿಂತ ವರ್ಷದ ಮೇಲೆ ಹೆಚ್ಚು ಗಮನ ಇಡಬೇಕು. ಕೆಸರು ಬಣ್ಣದ ನೀರು ಕೊಳವೆಯಿಂದ ಬಾಣದಂತೆ ಬಹುದೂರ ಚಿಮ್ಮುವ ದೃಶ್ಯವಾದರೆ ಅದು ಹೆಚ್ಚಾಗಿ ಚೀನಾದ ಹಳದಿ ನದಿಯ ಶಿಯಾವ್‌ಲಾಂಗ್‌ಡಿ ಅಣೆಕಟ್ಟೆಯದು. ಅಲ್ಲಿ ಹೂಳು ತೊಳೆಯಲು ಬೇಕೆಂದೇ ಹಾಗೆ ನೀರು ಬಿಡುತ್ತಾರೆ.

ಲೆಕ್ಕ ಹೀಗೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾಗಿ 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಈ ಒಂದು ಅಂಕಿ ನೆನಪಿದ್ದರೆ ಅರ್ಧ ವದಂತಿಗಳನ್ನು ಅಲ್ಲೇ ತೂಗಬಹುದು. 50,000 ಕ್ಯೂಸೆಕ್ ಒಳಹರಿವು ಎಂದರೆ ದಿನಕ್ಕೆ 4.3 ಟಿಎಂಸಿ. 49.45 ಟಿಎಂಸಿ ಸಾಮರ್ಥ್ಯದ ಕೆಆರ್‌ಎಸ್‌ಗೆ ‘ರಾತ್ರೋರಾತ್ರಿ 30 ಟಿಎಂಸಿ ಬಂತು’ ಎಂದರೆ ಹನ್ನೆರಡು ಗಂಟೆ ಕಾಲ ಸುಮಾರು 7 ಲಕ್ಷ ಕ್ಯೂಸೆಕ್ ಹರಿದಿರಬೇಕು. ಆ ಮಟ್ಟದ ಕಾವೇರಿ ಬಂದಿದ್ದರೆ ಶ್ರೀರಂಗಪಟ್ಟಣದ ಸುದ್ದಿ ಫಾರ್ವರ್ಡ್‌ಗಾಗಿ ಕಾಯುತ್ತಿರಲಿಲ್ಲ.

ಮಟ್ಟದ ಅಂಕಿಗಳಲ್ಲಿ ಇನ್ನೊಂದು ತೊಡಕಿದೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಭದ್ರಾದ್ದು 186 ಅಡಿ, ಇವು ನದಿಯ ತಳದಿಂದ ಅಳೆದದ್ದು. ಕಬಿನಿಯ 2,284, ಲಿಂಗನಮಕ್ಕಿಯ 1,819, ತುಂಗಭದ್ರಾದ 1,633 ಅಡಿ ಸಮುದ್ರಮಟ್ಟದಿಂದ. ಆಲಮಟ್ಟಿ 519.60 ಎನ್ನುವುದು ಮೀಟರ್. ಎರಡು ಜಲಾಶಯಗಳ ಅಂಕಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ ಫಾರ್ವರ್ಡ್ ಅರ್ಥಹೀನ. ನಾನು ನೋಡುವುದು ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು ನಾಲ್ಕನ್ನೂ ಒಟ್ಟಿಗೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೈನಿಕ ಪಟ್ಟಿಯಲ್ಲಿ ಜಲಾಶಯಗಳ ವಿವರ ಸಿಗುತ್ತದೆ.

ನಿಜವಾದ ಘಟನೆಯ ಬೆನ್ನಿಗೆ ಬರುವ ಉತ್ಪ್ರೇಕ್ಷೆಯೇ ಬಿಡಿಸಲು ಕಷ್ಟ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟ್‌ಗಳನ್ನೂ ತೆರೆಯಲಾಯಿತು. ಹೀಗೆ ತೆರೆದ ಗೇಟ್‌ಗಳ ಸಾಲನ್ನು ನೋಡಿದವರಿಗೆ ‘ಎಲ್ಲ ಮುರಿದಿವೆ’ ಎಂದು ಅನ್ನಿಸಬಹುದು. ಇಂಥಲ್ಲಿ ‘ಸುಳ್ಳು’ ಎಂದು ಬರೆದರೆ ಅದೂ ತಪ್ಪು. ಯಾವ ಭಾಗ ಸರಿ, ಯಾವ ಭಾಗ ಅಲ್ಲ ಎಂದು ಬಿಡಿಸಿ ಹೇಳಬೇಕು.

ಮಳೆಯ ಅಂಕಿಗಳ ಬಗ್ಗೆ ಚಿಕ್ಕದಾಗಿ: ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. 24 ಗಂಟೆಯಲ್ಲಿ 64.5 ಮಿ.ಮೀ.ನಿಂದ ಭಾರಿ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ ಮಳೆ. ಬಣ್ಣದ ಎಚ್ಚರಿಕೆ ಜಿಲ್ಲೆವಾರು ಬರುತ್ತದೆ, ಆದ್ದರಿಂದ ‘ಇಡೀ ಕರ್ನಾಟಕಕ್ಕೆ ರೆಡ್ ಅಲರ್ಟ್’ ಎಂಬ ಸಾಲು ಕಂಡರೆ ಅಲ್ಲೇ ನಿಂತು ಇಲಾಖೆಯ ಜಿಲ್ಲೆವಾರು ಪಟ್ಟಿ ತೆರೆಯಿರಿ.

ರೆಡ್ ಅಲರ್ಟ್ ಬಂದರೆ ರಜೆ ತಾನೇ ಬಂತು ಎಂದೂ ಅಲ್ಲ, ಸಾಮಾನ್ಯವಾಗಿ ರಜೆ ಘೋಷಿಸುವವರು ಜಿಲ್ಲಾಧಿಕಾರಿ. ರಜೆ ಆದೇಶದ ಚಿತ್ರ ಬಂದಾಗ ಮೊದಲು ದಿನಾಂಕ ಮತ್ತು ವಾರ ಹೊಂದುತ್ತವೆಯೇ ನೋಡುತ್ತೇನೆ. ಹಳೆಯ ಆದೇಶದಲ್ಲಿ ಇಸವಿಯ ಕೊನೆಯ ಅಂಕಿ ತಿದ್ದುವವರು ವಾರ ತಿದ್ದಲು ಮರೆಯುತ್ತಾರೆ. ಅದೇ ದಿನಾಂಕದ ವಾರ ಮರುವರ್ಷ ಒಂದು ದಿನ ಮುಂದೆ ಸರಿಯುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು. 2023ರ ಜುಲೈ 5 ಬುಧವಾರ, 2024ರಲ್ಲಿ ಅದು ಶುಕ್ರವಾರ, 2025ರಲ್ಲಿ ಶನಿವಾರ. ನಂತರ ಚಿತ್ರ ಹಿಗ್ಗಿಸಿ ಅಂಕಿಗಳ ದಪ್ಪ, ಸಾಲಿನ ಮಟ್ಟ, ಹಿನ್ನೆಲೆಯ ಕಾಗದದ ಬಣ್ಣ ನೋಡಿ. ತಿದ್ದಿದ ಅಂಕಿಯ ಸುತ್ತ ಸ್ಕ್ಯಾನಿನ ಮಸುಕು ಇರುವುದಿಲ್ಲ, ಅಚ್ಚ ಬಿಳಿ ಚೌಕ ಕಾಣುತ್ತದೆ. ಮೂರನೆಯದು ವ್ಯಾಪ್ತಿ. ಅಂಗನವಾಡಿಯಿಂದ ಪ್ರೌಢಶಾಲೆವರೆಗೋ, ಪಿಯುವರೆಗೋ, ಪದವಿ ಕಾಲೇಜಿಗೂ ಸೇರಿಯೋ, ಜಿಲ್ಲೆಗೆ ಪೂರ್ತಿಯೋ ಕೆಲವು ತಾಲ್ಲೂಕಿಗೆ ಮಾತ್ರವೋ ಎಂಬುದು ಮೂಲ ಆದೇಶದಲ್ಲಿ ಇರುತ್ತದೆ. ‘ರಜೆ’ ಎಂದು ಮಾತ್ರ ಬರೆದ ಪೋಸ್ಟರ್‌ನಲ್ಲಿ ಅದು ಮಾಯವಾಗುತ್ತದೆ, ಮರುದಿನ ಕಾಲೇಜು ತಪ್ಪಿಸಿಕೊಳ್ಳುವವರು ಮಕ್ಕಳು. ಖಚಿತಪಡಿಸಲು ಜಿಲ್ಲಾಡಳಿತದ ಅಧಿಕೃತ ಖಾತೆಗೆ ಹೋಗಿ. ಎಕ್ಸ್‌ನಲ್ಲಿ ನೀಲಿ ಟಿಕ್ ಹಣ ಕೊಟ್ಟರೆ ಸಿಗುತ್ತದೆ, ಸರ್ಕಾರಿ ಖಾತೆಗಳ ಟಿಕ್ ಬೂದು ಬಣ್ಣದ್ದು. ಟಿಕ್ ಇಲ್ಲದ ಖಾತೆಯಾದರೆ, ಎಂದಿನಿಂದ ಇದೆ, ಹಿಂದಿನ ಪೋಸ್ಟ್‌ಗಳೇನು ಎಂದು ಕೆಳಗೆ ಸರಿದು ನೋಡಿ.

2025ರಿಂದ ಎಐ ವಿಡಿಯೊಗಳೂ ಸೇರಿಕೊಂಡಿವೆ. ಇಲ್ಲಿ ನಮ್ಮ ಲಿಪಿಯೇ ನೆರವಿಗೆ ಬರುತ್ತದೆ: ಅಂಗಡಿಯ ಬೋರ್ಡಿನ ಮೇಲೆ ಕನ್ನಡದಂತೆ ಕಾಣುವ ಗುಂಡು ಗುಂಡು ಆಕಾರಗಳಿರುತ್ತವೆ, ಓದಲು ಹೋದರೆ ಒಂದೂ ಅಕ್ಷರವಲ್ಲ, ಒತ್ತು ಎಲ್ಲೆಲ್ಲೋ. ಆದರೆ ಹತ್ತಾರು ಕೈ ದಾಟಿ ಸವೆದ ಅಸಲಿ ವಿಡಿಯೊದಲ್ಲೂ ಅಕ್ಷರ ಕಲಸಿಹೋಗುತ್ತದೆ, ಆದ್ದರಿಂದ ಇದೊಂದನ್ನೇ ನೆಚ್ಚುವುದಿಲ್ಲ. ಉದ್ದ ಸುಮಾರು ಎಂಟು ಸೆಕೆಂಡಿಗೆ ನಿಲ್ಲುತ್ತದೆಯೇ, ಮೂಲೆಯಲ್ಲಿ ಏನನ್ನಾದರೂ ಕತ್ತರಿಸಿದ ಅಥವಾ ಮಸುಕಾಗಿಸಿದ ಗುರುತಿದೆಯೇ, ಅದೇ ಘಟನೆಯನ್ನು ಬೇರೆ ಕೋನದಿಂದ ಬೇರೆ ಯಾರಾದರೂ ತೆಗೆದಿದ್ದಾರೆಯೇ ಎಂದೂ ನೋಡುತ್ತೇನೆ. ಕೊನೆಯದು ಬಹಳ ಗಟ್ಟಿ ಪರೀಕ್ಷೆ. ಜನ ನೆರೆದ ಜಾಗದಲ್ಲಿ ಸೇತುವೆ ಕುಸಿದರೆ ಒಂದೇ ಕ್ಯಾಮೆರಾ ಇರುವುದಿಲ್ಲ.

ಧ್ವನಿ ಸಂದೇಶಕ್ಕೆ ಚಿತ್ರಕ್ಕಿರುವಂಥ ಹುಡುಕಾಟವಿಲ್ಲ. ಅದನ್ನು ಪೂರ್ತಿ ಕೇಳಿ, ಅದರಲ್ಲಿರುವ ಹೇಳಿಕೆಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತೇನೆ: ಯಾವ ಕಟ್ಟೆ, ಯಾವ ಊರು, ಯಾವ ಸಮಯ, ಎಷ್ಟು ನೀರು. ಬರೆದಾಗ ಗಾಬರಿಯ ದನಿ ಹೊರಗುಳಿದು ಪರೀಕ್ಷಿಸಬಹುದಾದ ಸಾಲುಗಳು ಮಾತ್ರ ಉಳಿಯುತ್ತವೆ. ಊರಿನ ಹೆಸರೂ ಇಲ್ಲ, ದಿನವೂ ಇಲ್ಲ ಎಂದಾದರೆ ಪರೀಕ್ಷಿಸಲು ಏನೂ ಇಲ್ಲ, ಹಾಗೆಂದೇ ಗ್ರೂಪ್‌ಗೆ ತಿಳಿಸುತ್ತೇನೆ. ನದಿ ದಂಡೆಯವರಿಗೆ ಸಂಬಂಧಿಸಿದ್ದಾದರೆ ಮಾತ್ರ ತಡಮಾಡದೆ ಜಿಲ್ಲಾ ನಿಯಂತ್ರಣ ಕೊಠಡಿ 1077ಕ್ಕೆ ಕರೆ ಮಾಡಲು ಹೇಳುತ್ತೇನೆ. ಪ್ರಾಣದ ಪ್ರಶ್ನೆಯಲ್ಲಿ ನನ್ನ ಪರಿಶೀಲನೆ ಮುಗಿಯುವವರೆಗೆ ಯಾರೂ ಕಾಯಬಾರದು.

ಉತ್ತರ ಹಾಕುವ ಬಗೆಯೂ ಮುಖ್ಯ. ‘ಫೇಕ್’ ಎಂಬ ಒಂದು ಪದ ಹಾಕಿದರೆ ಕಳಿಸಿದ ಹಿರಿಯರಿಗೆ ಅವಮಾನವಾಗುತ್ತದೆ, ವಿಷಯ ವಾದಕ್ಕೆ ತಿರುಗುತ್ತದೆ. ‘ಇದು 2018ರ ಆಗಸ್ಟ್‌ನದು, ಕೊಡಗಿನದು, ಆಗಿನ ಸುದ್ದಿಯ ಕೊಂಡಿ ಇಲ್ಲಿದೆ’ ಎಂದು ಮೂಲ ಸಂದೇಶಕ್ಕೇ ರಿಪ್ಲೈ ಕೊಟ್ಟರೆ ಯಾರೂ ಬೇಸರಪಡುವುದಿಲ್ಲ. ವಿಡಿಯೊವನ್ನು ಮರಳಿ ಹಂಚುವುದಿಲ್ಲ. ಫ್ರೇಮ್ ತೋರಿಸಲೇಬೇಕಾದರೆ ನಡುವೆಯೇ ಅಡ್ಡಲಾಗಿ ದೊಡ್ಡ ಅಕ್ಷರದಲ್ಲಿ ‘ಹಳೆಯದು – 2018’ ಎಂದು ಬರೆಯುತ್ತೇನೆ. ಅಂಚಿನಲ್ಲಿ ಬರೆದರೆ ಯಾರಾದರೂ ಕ್ರಾಪ್ ಮಾಡಿ ಮತ್ತೆ ಹರಿಯಬಿಡುತ್ತಾರೆ.

ಪತ್ತೆಯಾದ ಪ್ರತಿಯೊಂದರ ಒಂದು ಫ್ರೇಮ್, ಜಾಗ, ದಿನಾಂಕ, ಮೂಲ ಕೊಂಡಿಯನ್ನು ಫೋನಿನ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಫೈಲ್ ಹೆಸರು ‘ಕೊಡಗು-2018-08-ಮನೆ’ ಎಂಬಂತಿರಲಿ, ಊರಿನ ಹೆಸರು ಮೊದಲಿದ್ದರೆ ಹುಡುಕುವುದು ಸುಲಭ. ಹರಿದಾಡುವ ದೃಶ್ಯಗಳು ವರ್ಷ ವರ್ಷವೂ ಅವೇ ಆಗಿರುವುದರಿಂದ ಎರಡನೇ ಮಳೆಗಾಲದಲ್ಲೇ ಅನೇಕ ಫಾರ್ವರ್ಡ್‌ಗಳಿಗೆ ಉತ್ತರ ಈ ಫೋಲ್ಡರ್‌ನಿಂದಲೇ ಸಿಗುತ್ತದೆ.