ಹಳೆಯ ಪುಸ್ತಕ ಹಿಡಿದು ಪಿಎಚ್‌ಪಿ ಕಲಿತದ್ದು

ಸಾಗರದ ಹತ್ತಿರದ ನಮ್ಮೂರಿನ ಸಂಘದ ಗ್ರಂಥಾಲಯಕ್ಕೆ ಪುಸ್ತಕಗಳ ಪಟ್ಟಿಯನ್ನೂ ಎರವಲಿನ ಲೆಕ್ಕವನ್ನೂ ಇಡುವ ಸಣ್ಣದೊಂದು ವೆಬ್ ತಂತ್ರಾಂಶ ಬರೆದುಕೊಡುತ್ತೇನೆಂದು 2016ರಲ್ಲಿ ಒಪ್ಪಿಕೊಂಡಾಗ, ನನಗೆ ಒಂದಿಷ್ಟು ಎಚ್‌ಟಿಎಂಎಲ್ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಬೆಂಗಳೂರಿಗೆ ಹೋಗಿದ್ದಾಗ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಯಲ್ಲಿ, ವೆಬ್ ತಂತ್ರಾಂಶ ಬರೆಯುವ ಭಾಷೆ ಪಿಎಚ್‌ಪಿ ಮತ್ತು ಮಾಹಿತಿ ಕೂಡಿಡುವ ಡೇಟಾಬೇಸು ಮೈಎಸ್‌ಕ್ಯುಎಲ್ ಎರಡನ್ನೂ ಹೊಸಬರಿಗೆ ಕಲಿಸುವ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದು ಅಗ್ಗಕ್ಕೆ ಸಿಕ್ಕಿತು. ಅದು 2004ರಲ್ಲಿ ಬಂದ ಪಿಎಚ್‌ಪಿ 5ಕ್ಕಾಗಿ ಬರೆದದ್ದು. ಇವನ್ನೆಲ್ಲ ಸ್ವಂತ ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶಗಳ ಕಟ್ಟಾದ ಎಕ್ಸಾಂಪ್ ಅನ್ನು ನಾನು ಹಾಕಿಕೊಂಡಾಗ ಅದರ ಜೊತೆ ಬಂದದ್ದು ಪಿಎಚ್‌ಪಿ 7. ಈ ಅಂತರ ಎಷ್ಟು ದೊಡ್ಡದೆಂದು ಆಗ ನನಗೆ ತಿಳಿದಿರಲಿಲ್ಲ.

ಡೇಟಾಬೇಸಿನ ಅಧ್ಯಾಯದ ಮೊದಲ ಉದಾಹರಣೆಯೇ ಓಡಲಿಲ್ಲ. ಪುಸ್ತಕ ಹೇಳಿದ ಸಂಪರ್ಕದ ಫಂಕ್ಷನ್ ಇಲ್ಲವೇ ಇಲ್ಲ ಎಂದು ಎರರ್ ಬಂತು. ನನ್ನದೇ ಕೈತಪ್ಪೆಂದುಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡುವುದರಲ್ಲಿ ಒಂದು ಸಂಜೆ ಕಳೆದ ಮೇಲೆ ಪಿಎಚ್‌ಪಿಯ ಅಧಿಕೃತ ಕೈಪಿಡಿಯನ್ನು ತೆರೆದೆ. ಆ ಫಂಕ್ಷನ್‌ಗಳ ಇಡೀ ಕುಟುಂಬವನ್ನು 5.5ರಲ್ಲಿಯೇ ತ್ಯಾಜ್ಯವೆಂದು ಸಾರಿ, 7.0ರಲ್ಲಿ ಕಿತ್ತುಹಾಕಿದ್ದರು. ಅಂದಿನಿಂದ ಪುಸ್ತಕದಲ್ಲಿ ಹೊಸ ಫಂಕ್ಷನ್ ಎದುರಾದಾಗಲೆಲ್ಲ ಮೊದಲು ಕೈಪಿಡಿಯಲ್ಲಿ ಅದರ ಪುಟವನ್ನು ನೋಡಿ, ಬದಲಿ ಏನೆಂಬುದನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುವ ರೂಢಿ ಮಾಡಿಕೊಂಡೆ. ಬಿಟ್ಟುಹೋದ ಅರ್ಧವಿರಾಮ, ಪುಟ ತಿರುಗಿಸುವಷ್ಟರಲ್ಲಿ ಬದಲಾದ ವೇರಿಯಬಲ್‌ನ ಹೆಸರು ಮುಂತಾದ ಮುದ್ರಣದೋಷಗಳೂ ಸಾಕಷ್ಟಿದ್ದವು. ಅವುಗಳ ಮೇಲೆ ನನಗೆ ಸಿಟ್ಟಿಲ್ಲ, ಏಕೆಂದರೆ ಅವು ಎಷ್ಟನೆಯ ಸಾಲಿನಲ್ಲಿ ಕುಳಿತಿವೆಯೆಂದು ಎರರ್ ತಾನೇ ಹೇಳಿಬಿಡುತ್ತದೆ.

ನನ್ನನ್ನು ನಿಜವಾಗಿ ಸತಾಯಿಸಿದ್ದು ತಪ್ಪಿದ್ದೂ ಓಡುವ ಪ್ರೋಗ್ರಾಂಗಳು. ಪುಸ್ತಕ ಎರವಲಿಗೆ ಹೋಗಿದೆಯೇ ಎಂದು ಪರೀಕ್ಷಿಸುವ ಷರತ್ತಿನಲ್ಲಿ ಎರಡು ಸಮ ಚಿಹ್ನೆಗಳಿರಬೇಕಾದಲ್ಲಿ ಒಂದೇ ಅಚ್ಚಾಗಿತ್ತು. ಒಂದೇ ಚಿಹ್ನೆಯಿದ್ದರೆ ಅದು ಹೋಲಿಕೆಯಾಗದೆ ವೇರಿಯಬಲ್‌ಗೆ ಬೆಲೆ ತುಂಬುವ ಆದೇಶವಾಗುತ್ತದೆ, ತುಂಬಿದ ಬೆಲೆ ಸೊನ್ನೆಯೋ ಖಾಲಿಯೋ ಅಲ್ಲದಿದ್ದರೆ ಷರತ್ತು ಯಾವಾಗಲೂ ನಿಜವಾಗುತ್ತದೆ. ಕಪಾಟಿನಲ್ಲಿ ಕಣ್ಣೆದುರಿಗಿದ್ದ ಪುಸ್ತಕಗಳೆಲ್ಲ ಪರದೆಯ ಮೇಲೆ ಎರವಲು ಹೋಗಿಬಿಟ್ಟಿದ್ದವು.

ಸದಸ್ಯರ ಹೆಸರುಗಳನ್ನು ಇಂಗ್ಲಿಷಿನಲ್ಲಿ ತುಂಬುತ್ತಿದ್ದಾಗ ಡಿ'ಸೋಜಾ ಎಂಬ ಹೆಸರು ಬಂದ ಕೂಡಲೇ ಎಲ್ಲವೂ ನಿಂತಿತು. ಹೆಸರಿನೊಳಗಿನ ಮೇಲ್ಚುಕ್ಕಿಯನ್ನು ಡೇಟಾಬೇಸು ವಾಕ್ಯದ ಕೊನೆಯ ಉದ್ಧರಣ ಚಿಹ್ನೆಯೆಂದು ಓದಿಕೊಂಡಿತ್ತು. ಲೇಖಕರಿಗೆ ಇದು ಕಾಣದೇ ಹೋದದ್ದೇಕೆ ಎಂಬುದು ಆಮೇಲೆ ಅರ್ಥವಾಯಿತು. ಅವರ ಕಾಲದ ಪಿಎಚ್‌ಪಿಯಲ್ಲಿ 'ಮ್ಯಾಜಿಕ್ ಕೋಟ್ಸ್' ಎಂಬ ಏರ್ಪಾಡಿತ್ತು. ಫಾರ್ಮಿನಿಂದ ಬಂದ ಇಂಥ ಚಿಹ್ನೆಗಳ ಹಿಂದೆ ಅದು ತಾನಾಗಿ ಓರೆಗೆರೆ ಹಾಕುತ್ತಿತ್ತು. 2012ರ 5.4ರಲ್ಲಿ ಅದನ್ನು ತೆಗೆದುಹಾಕಿದರು. ಕಂಡದ್ದನ್ನು ಇನ್ನಷ್ಟು ಕೆದಕೋಣವೆಂದು ಲಾಗಿನ್ ಪುಟದ ಪಾಸ್‌ವರ್ಡ್ ಖಾನೆಯಲ್ಲಿ ಒಂದು ಉದ್ಧರಣ ಚಿಹ್ನೆಯನ್ನೂ ಸದಾ ನಿಜವಾಗುವ ಷರತ್ತೊಂದನ್ನೂ ಟೈಪ್ ಮಾಡಿದೆ. ಪಾಸ್‌ವರ್ಡೇ ಇಲ್ಲದೆ ಒಳಗೆ ಹೋಗಿದ್ದೆ! ಅಂದೇ ಡೇಟಾಬೇಸಿಗೆ ಕೇಳುವ ಎಲ್ಲ ಪ್ರಶ್ನೆಗಳನ್ನೂ, ಆದೇಶವನ್ನೂ ಅದರೊಳಗೆ ತುಂಬುವ ಬೆಲೆಗಳನ್ನೂ ಬೇರೆ ಬೇರೆಯಾಗಿ ಕಳಿಸುವ 'ಪ್ರಿಪೇರ್ಡ್ ಸ್ಟೇಟ್‌ಮೆಂಟ್' ರೂಪಕ್ಕೆ ತಂದೆ.

ಪಾಸ್‌ವರ್ಡನ್ನು ಹ್ಯಾಶ್, ಅಂದರೆ ಮೂಲ ತಿಳಿಯದಂಥ ಅಕ್ಷರಸಾಲು, ಮಾಡುವ ಹಳೆಯ ವಿಧಾನವಾದ ಎಂಡಿ5ರಲ್ಲಿ ಇಡಬೇಕೆಂಬ ಪುಸ್ತಕದ ಸಲಹೆಯನ್ನು ಬಿಟ್ಟು, 5.5ರಿಂದ ಪಿಎಚ್‌ಪಿಯಲ್ಲಿಯೇ ಇರುವ ಹ್ಯಾಶ್ ಫಂಕ್ಷನ್ ಬಳಸಿದೆ. ಆಮೇಲೆ ಯಾರಿಗೂ ಲಾಗಿನ್ ಆಗಲಿಲ್ಲ. ಎರಡು ರಾತ್ರಿ ಹುಡುಕಿದ ಮೇಲೆ ಕಾರಣ ಸಿಕ್ಕಿತು: ಎಂಡಿ5 ಕೊಡುವುದು 32 ಅಕ್ಷರವೆಂದು ಪುಸ್ತಕದ ಕೋಷ್ಟಕದಲ್ಲಿ ಆ ಕಾಲಂಗೆ 32 ಅಕ್ಷರದ ಜಾಗವಷ್ಟೇ ಇತ್ತು, ಹೊಸ ಹ್ಯಾಶ್ ಇದ್ದದ್ದು 60 ಅಕ್ಷರ. ಉಳಿದ 28ನ್ನು ಡೇಟಾಬೇಸು ಸದ್ದಿಲ್ಲದೆ ಕತ್ತರಿಸಿ ಎಸೆಯುತ್ತಿತ್ತು.

ಇವೆಲ್ಲಕ್ಕಿಂತ ದುಬಾರಿಯಾದದ್ದು ಕನ್ನಡದ ಶೀರ್ಷಿಕೆಗಳ ವಿಷಯ. ಪುಟದಲ್ಲಿ ಕನ್ನಡ ಸರಿಯಾಗಿಯೇ ಕಾಣುತ್ತಿದ್ದುದರಿಂದ ಪಟ್ಟಿಯ ಬಹುಭಾಗವನ್ನು ತುಂಬಿಯೂ ಆಗಿತ್ತು. ಒಂದು ದಿನ, ಡೇಟಾಬೇಸನ್ನು ಬ್ರೌಸರಿನಲ್ಲಿ ನೇರವಾಗಿ ನೋಡಲು ಬಳಸುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಕೋಷ್ಟಕ ತೆರೆದರೆ ಕನ್ನಡದ ಸುಳಿವೇ ಇಲ್ಲ. ತಲೆಯ ಮೇಲೆ ಗೀರು ಹೊತ್ತ ರೋಮನ್ 'ಎ', ಅದರ ಪಕ್ಕ ವರ್ಗದ ಪುಟ್ಟ 2 ಅಥವಾ ಘನದ ಪುಟ್ಟ 3, ಮತ್ತೊಂದು ವಿಚಿತ್ರ ಚಿಹ್ನೆ: ಹೀಗೆ ಮೂರು ಮೂರರ ಸಾಲು. ಮೇಲೆ ಕೊಲೇಶನ್, ಅಂದರೆ ಅಕ್ಷರಕ್ರಮ, ಎಂಬಲ್ಲಿ 'ಲ್ಯಾಟಿನ್1 ಸ್ವೀಡಿಷ್' ಎಂದಿತ್ತು. ಮೈಎಸ್‌ಕ್ಯುಎಲ್ ಹುಟ್ಟಿದ್ದು ಸ್ವೀಡನ್ನಿನ ಕಂಪನಿಯಲ್ಲಿ; ಮಲೆನಾಡಿನ ಗ್ರಂಥಾಲಯದ ಪಟ್ಟಿಯ ಅಕ್ಷರಕ್ರಮ ಸ್ವೀಡಿಷ್ ಆದದ್ದು ಹಾಗೆ.

ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವುದು ಯೂನಿಕೋಡ್; ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ವಿಧಾನವಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. 'ಕನ್ನಡ' ಎಂಬ ಪದ ನಮ್ಮ ಕಣ್ಣಿಗೆ ಮೂರಕ್ಷರ, ಯೂನಿಕೋಡಿಗೆ ಒತ್ತಕ್ಷರ ಕೂಡಿಸುವ ವಿರಾಮದ ಗುರುತೂ (ಹಲಂತ) ಸೇರಿ ಐದು ಸಂಕೇತ, ಡೇಟಾಬೇಸಿಗೆ ಹದಿನೈದು ಬೈಟ್. ಸಂಪರ್ಕವೂ ಕೋಷ್ಟಕವೂ ಇದನ್ನು ಅಕ್ಷರಕ್ಕೊಂದೇ ಬೈಟ್ ಬಳಸುವ ಲ್ಯಾಟಿನ್1 ಎಂದೇ ನಂಬಿದ್ದರಿಂದ ಬೈಟ್‌ಗಳು ಹೋದ ಹಾಗೆಯೇ ವಾಪಸು ಬಂದು, ಬ್ರೌಸರಿನಲ್ಲಿ ಮತ್ತೆ ಕನ್ನಡವಾಗುತ್ತಿದ್ದವು. ಆದರೆ ಪುಸ್ತಕ ಶೀರ್ಷಿಕೆಗೆಂದು ಕೊಟ್ಟಿದ್ದ 100 ಅಕ್ಷರದ ಜಾಗ ಇಲ್ಲಿ 100 ಬೈಟ್ ಆಗಿತ್ತು, ಅಂದರೆ ಸುಮಾರು 33 ಸಂಕೇತ. ಉದ್ದನೆಯ ಶೀರ್ಷಿಕೆಗಳ ತುದಿಯಲ್ಲಿ ಪ್ರಶ್ನಾರ್ಥಕ ಹೊತ್ತ ಕಪ್ಪು ವಜ್ರದಾಕೃತಿಯೊಂದು ಅಲ್ಲಲ್ಲಿ ಕಾಣಿಸುತ್ತಿದ್ದುದನ್ನು ನಾನು ಅದುವರೆಗೆ ಫಾಂಟಿನ ತೊಂದರೆಯೆಂದು ಬಗೆದಿದ್ದೆ. ಅದು ನಡುವೆ ಕಡಿದುಹೋದ ಅಕ್ಷರದ ಉಳಿಕೆಯಾಗಿತ್ತು.

ಕೋಷ್ಟಕವನ್ನು ನೇರವಾಗಿ ಯುಟಿಎಫ್8ಎಂಬಿ4ಕ್ಕೆ (ಪೂರ್ಣ ಯುಟಿಎಫ್-8ಕ್ಕೆ ಮೈಎಸ್‌ಕ್ಯುಎಲ್‌ನಲ್ಲಿರುವ ಹೆಸರು) ಬದಲಿಸಿದರೆ ಆ ಗೀರು ಹೊತ್ತ 'ಎ'ಗಳೇ ಶಾಶ್ವತವಾಗುತ್ತವೆ ಎಂಬುದನ್ನು ಮಾಡಿ ನೋಡಿಯೇ ಕಲಿತೆ. ಪುಣ್ಯಕ್ಕೆ ಮೊದಲು ಪ್ರತಿ ತೆಗೆದಿಟ್ಟುಕೊಂಡಿದ್ದೆ. ಕಾಲಂ ಅನ್ನು ಮೊದಲು ಬರಿಯ ಬೈಟ್‌ಗಳ ರೂಪವಾದ ಬ್ಲಾಬ್‌ಗೆ ತಿರುಗಿಸಿ, ಅಲ್ಲಿಂದ ಯುಟಿಎಫ್8ಎಂಬಿ4ಕ್ಕೆ ತಂದು, ಸಂಪರ್ಕಕ್ಕೂ ಅದೇ ಅಕ್ಷರವ್ಯವಸ್ಥೆಯನ್ನು ಹೇಳಿದಾಗ ಎಲ್ಲ ಸರಿಹೋಯಿತು. ಬಾಲ ತುಂಡಾದ ಶೀರ್ಷಿಕೆಗಳು ಮಾತ್ರ ಮರಳಲಿಲ್ಲ. ಗ್ರಂಥಪಾಲಕರಾದ ಹೆಗಡೆ ಮಾಸ್ತರರು ಕೈಬರಹದ ಹಳೆಯ ರಿಜಿಸ್ಟರಿನಿಂದ ಒಂದೊಂದಾಗಿ ಓದಿ ಹೇಳಿದರು, ನಾನು ಟೈಪ್ ಮಾಡಿದೆ. "ನಿನ್ನ ಕಂಪ್ಯೂಟರ್‌ಗಿಂತ ನನ್ನ ರಿಜಿಸ್ಟರೇ ವಾಸಿ, ಮಾರಾಯ" ಎಂದು ನಡುನಡುವೆ ಅವರು ಅನ್ನುತ್ತಿದ್ದರು. ಅಂದು ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಹೊಸ ಕೋಷ್ಟಕ ಮಾಡಿದಾಗ ನಾನು ಮೊದಲು ತುಂಬುವ ಎರಡು ಸಾಲುಗಳೆಂದರೆ, ಒಂದು ಡಿ'ಸೋಜಾ, ಇನ್ನೊಂದು ಆ ರಿಜಿಸ್ಟರಿನ ಅತಿ ಉದ್ದದ ಶೀರ್ಷಿಕೆ.