ಹೃದಯರೋಗದ ಜೀನ್ ಪರೀಕ್ಷೆಗೆ ರಕ್ತ: ಕಾರವಾರದಲ್ಲಿ ತೆಗೆದು ಘಟ್ಟ ಹತ್ತಿಸುವ ಕ್ರಮ

ಎದೆನೋವೆಂದು ಓಡಿಬಂದವರಿಗೆ ಈ ಪರೀಕ್ಷೆ ಅಲ್ಲ. ಅವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು, ಬೆನ್ನಿಗೇ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ). ಜೀನ್ ಎಕ್ಸ್‌ಪ್ರೆಶನ್ ಪರೀಕ್ಷೆಯ ಕೆಲಸ ಬೇರೆ: ರಕ್ತದ ಬಿಳಿ ಕಣಗಳಲ್ಲಿ ಯಾವ ಜೀನ್ ಎಷ್ಟು ಆರ್‌ಎನ್‌ಎ (ಜೀನ್‌ನ ಸಂದೇಶ ಹೊರುವ ಅಣು) ತಯಾರಿಸುತ್ತಿದೆ ಎಂದು ಅಳೆದು, ಹೃದಯದ ರಕ್ತನಾಳದಲ್ಲಿ ಅಡಚಣೆ ಇರುವ ಸಂಭವವನ್ನು ಅಂದಾಜು ಮಾಡುವುದು. ರಕ್ತ ಮೈಯಿಂದ ಹೊರಬಂದ ಕೂಡಲೇ ಆರ್‌ಎನ್‌ಎ ಒಡೆಯತೊಡಗುತ್ತದೆ, ಕೆಲವು ಜೀನ್‌ಗಳು ಹೊಸದಾಗಿ ಚುರುಕಾಗುತ್ತವೆ. ಹೀಗಾಗಿ ಫಲಿತಾಂಶದ ಹಣೆಬರಹ ಬಹುಪಾಲು ಸೂಜಿ ಚುಚ್ಚುವ ಕುರ್ಚಿಯಲ್ಲೇ ತೀರ್ಮಾನವಾಗುತ್ತದೆ.

ಮೊದಲು ಜ್ವರದ ಬಗ್ಗೆ ಕೇಳಿ. ಬೇಸಿಗೆಯಲ್ಲಿ ಸಿದ್ದಾಪುರದ ಕಡೆ ಮಂಗನ ಕಾಯಿಲೆ, ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ. ಇವುಗಳಲ್ಲಿ ಯಾವುದಿದ್ದರೂ ಬಿಳಿ ಕಣಗಳ ಜೀನ್ ಚಟುವಟಿಕೆ ತಲೆಕೆಳಗಾಗುತ್ತದೆ. ಪೂರ್ತಿ ಸುಧಾರಿಸಿದ ಮೇಲೆ ಕರೆಸಿ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಫಾರಂನಲ್ಲಿ ಬರೆಯಲೇಬೇಕು. ಎಲ್ಲರ ರಕ್ತವನ್ನೂ ಬೆಳಿಗ್ಗೆ ಒಂದೇ ಹೊತ್ತಿಗೆ ತೆಗೆಯಿರಿ, ಏಕೆಂದರೆ ಜೀನ್‌ಗಳ ಏರಿಳಿತಕ್ಕೆ ದಿನದ ಲಯವಿದೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾಮೂಲಿ ಇಡಿಟಿಎ ಟ್ಯೂಬು ಇದಕ್ಕೆ ಸಾಲದು. ಇದಕ್ಕೆಂದೇ ಇರುವ ಪ್ಯಾಕ್ಸ್‌ಜೀನ್ ಟ್ಯೂಬಿನಲ್ಲಿ ಆರ್‌ಎನ್‌ಎ ಕೆಡದಂತೆ ಕಾಯುವ 6.9 ಮಿಲಿ ದ್ರಾವಣ ಮೊದಲೇ ಇರುತ್ತದೆ, ಅದಕ್ಕೆ 2.5 ಮಿಲಿ ರಕ್ತ. ಉಳಿದ ಟ್ಯೂಬುಗಳೆಲ್ಲ ಮುಗಿದ ಮೇಲೆ ಇದನ್ನು ಕೊನೆಗೆ ಹಾಕಿ. ಇದೊಂದೇ ಟ್ಯೂಬಾದರೆ ಮುಂಚೆ ಬೇರೊಂದು ಟ್ಯೂಬಿಗೆ ಸ್ವಲ್ಪ ರಕ್ತ ಬಿಟ್ಟು ನಳಿಕೆಯ ಗಾಳಿ ಕಳೆಯಿರಿ, ಇಲ್ಲವಾದರೆ ರಕ್ತದ ಅಳತೆ ಕಡಿಮೆಯಾಗುತ್ತದೆ. ಟ್ಯೂಬನ್ನು ಕೈಗಿಂತ ಕೆಳಗೆ ನೆಟ್ಟಗೆ ಹಿಡಿಯಿರಿ. ದ್ರಾವಣ ರಕ್ತನಾಳಕ್ಕೆ ಹಿಂದೆ ಹರಿಯಬಾರದು. ಇದು ನಿಧಾನಕ್ಕೆ ತುಂಬುವ ಟ್ಯೂಬು, ಕನಿಷ್ಠ 10 ಸೆಕೆಂಡು ಕಾಯಿರಿ. ತುಂಬಿದೊಡನೆ 8ರಿಂದ 10 ಸಲ ಮೆಲ್ಲಗೆ ಮೇಲೆಕೆಳಗೆ ಮಾಡಿ. ಇದನ್ನು ಮರೆತರೆ ರಕ್ತವೂ ದ್ರಾವಣವೂ ಸರಿಯಾಗಿ ಬೆರೆಯದೆ ಫಲಿತಾಂಶ ತಪ್ಪಬಹುದು. ಜೊತೆಗೆ ಒಂದು ಇಡಿಟಿಎ ಟ್ಯೂಬಿನಲ್ಲಿ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ: ನ್ಯೂಟ್ರೋಫಿಲ್, ಲಿಂಫೋಸೈಟ್ ಎಂಬ ಬಿಳಿ ಕಣಗಳ ಪ್ರಮಾಣ ಗೊತ್ತಿಲ್ಲದಿದ್ದರೆ ಕಣಗಳ ಸಂಖ್ಯೆ ಹೆಚ್ಚಿದ್ದನ್ನೇ ಜೀನ್ ಹೆಚ್ಚಿತೆಂದು ತಪ್ಪು ತಿಳಿಯುವ ಅಪಾಯವಿದೆ.

ಇನ್ನು ಪ್ಯಾಕ್ಸ್‌ಜೀನ್ ಟ್ಯೂಬನ್ನು ಕನಿಷ್ಠ 2 ಗಂಟೆ ಕೋಣೆಯ ತಾಪಮಾನದಲ್ಲಿ ಬಿಡಬೇಕು, ಕಣಗಳು ಪೂರ್ತಿ ಒಡೆಯಲು ಅಷ್ಟು ಹೊತ್ತು ಬೇಕು. ಕರಾವಳಿಯವರು ಎಡವುವುದು ಇಲ್ಲಿಯೇ. ಕಿಟ್‌ನ ಚೀಟಿ ಹೇಳುವ ಕೋಣೆ 18ರಿಂದ 25 ಡಿಗ್ರಿಯದು. ಏಪ್ರಿಲ್‌ನಲ್ಲಿ ಕಾರವಾರದ ಕೋಣೆ 30 ದಾಟಿರುತ್ತದೆ. ಎಸಿ ಕೋಣೆಯಲ್ಲೇ ಇಟ್ಟು ಪಕ್ಕದಲ್ಲೊಂದು ಥರ್ಮಾಮೀಟರ್ ಇಡಿ. 18ರಿಂದ 25 ಡಿಗ್ರಿಯಲ್ಲಿ ಮಾದರಿ 3 ದಿನ ಬಾಳುತ್ತದೆ, 2ರಿಂದ 8 ಡಿಗ್ರಿಯ ಫ್ರಿಜ್ಜಿನಲ್ಲಿ 5 ದಿನ.

ಹುಬ್ಬಳ್ಳಿಗೋ ಮಂಗಳೂರಿಗೋ ಕಳಿಸುವುದಾದರೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತಣ್ಣನೆಯ ಜೆಲ್ ಪ್ಯಾಕ್ ಇಟ್ಟು, ಟ್ಯೂಬಿಗೂ ಪ್ಯಾಕಿಗೂ ನಡುವೆ ದಪ್ಪ ರಟ್ಟು ಕೊಡಿ. ಬಸ್ಸಿನ ಎಂಜಿನ್ ಪಕ್ಕದಲ್ಲಿ ಪಾರ್ಸೆಲ್ ಇಡಗೊಡಬೇಡಿ. ಮಳೆಗಾಲದಲ್ಲಿ ರಸ್ತೆಯನ್ನು ನಂಬಿ ದಿನ ಲೆಕ್ಕ ಹಾಕುವುದು ಸರಿಯಲ್ಲ: 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66 ಹಲವು ದಿನ ಬಂದಾಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಟ್ಯೂಬು ತೆಗೆದು, ಒಂದನ್ನು ತಂತಿಯ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ಮೈನಸ್ 20ರ ಫ್ರೀಜರಿನಲ್ಲಿ ಇಲ್ಲೇ ಉಳಿಸಿಕೊಳ್ಳಿ. ಥರ್ಮಾಕೋಲ್ ಸ್ಟ್ಯಾಂಡಿನಲ್ಲಿ ಹೆಪ್ಪುಗಟ್ಟಿಸಿದರೆ ಟ್ಯೂಬು ಸೀಳುತ್ತದೆ.

ಲ್ಯಾಬಿನಿಂದ ಆರ್‌ಎನ್‌ಎ ಗುಣಮಟ್ಟದ ಅಂಕ, ಅಂದರೆ ಆರ್‌ಐಎನ್, ಕೇಳಿ ಪಡೆಯಿರಿ. 7ಕ್ಕಿಂತ ಕೆಳಗಿದ್ದರೆ ಮಾದರಿಯನ್ನು ಮತ್ತೆ ತೆಗೆಯುವುದೇ ಮೇಲು.

ಸ್ಕೋರ್ ಓದುವಾಗ ದುಡುಕಬೇಡಿ. ಅಮೆರಿಕದ ಕೋರಸ್ ಸಿಎಡಿ ಪರೀಕ್ಷೆ 23 ಜೀನ್‌ಗಳ ಜೊತೆ ವಯಸ್ಸು, ಲಿಂಗ ಸೇರಿಸಿ 1ರಿಂದ 40ರ ಸ್ಕೋರ್ ಕೊಡುತ್ತಿತ್ತು. 15 ಅಥವಾ ಕಡಿಮೆ ಬಂದರೆ ಅಡಚಣೆಯ ಸಂಭವ ಕಡಿಮೆ ಎಂದರ್ಥ. ಆದರೆ ಅದು ಸಕ್ಕರೆ ಕಾಯಿಲೆಯವರಿಗೆ ಅಲ್ಲ, ಅದನ್ನು ಪರೀಕ್ಷಿಸಿದ್ದೂ ಅಲ್ಲಿನ ರೋಗಿಗಳ ಮೇಲೆ. ನಮ್ಮವರಲ್ಲಿ ಅಳೆದು ನೋಡದೆ ಆ ಗಡಿಯನ್ನು ಇಲ್ಲಿಗೆ ಎಳೆದು ತರುವುದು ತಪ್ಪು. ಸ್ಕೋರ್ ಕಡಿಮೆ ಬಂತೆಂದು ನಡೆದರೆ ಎದೆ ಹಿಡಿಯುವವರ ಟಿಎಂಟಿಯನ್ನಾಗಲಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಆಂಜಿಯೋಗ್ರಾಮನ್ನಾಗಲಿ ಮುಂದೂಡಬೇಡಿ.